ಕಟಕಟೆಯಲ್ಲಿ ಮಾತು ತಡವರಿಸಿದರೆ

ದೌರ್ಜನ್ಯಕ್ಕೆ ಒಳಗಾದವರು ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವಾಗ ತಡವರಿಸಬಹುದು, ಬೆವರಬಹುದು, ಇದ್ದಕ್ಕಿದ್ದಂತೆ ಮೌನವಾಗಬಹುದು. ನೋಡುವವರು ‘ಸುಳ್ಳು ಹೇಳುತ್ತಿದ್ದಾರೆ’ ಎಂದುಕೊಳ್ಳುವುದುಂಟು. ಆದರೆ ಇದು ಆಘಾತಕ್ಕೆ ಶರೀರ ತೋರುವ ಸಹಜ ಪ್ರತಿಕ್ರಿಯೆಯೂ ಆಗಿರಬಹುದು.

ಕಾರಣವೇನು?

ಪ್ರಾಣಭಯ ಉಂಟಾದಾಗ ಮೆದುಳಿನ ಅಮಿಗ್ಡಲ ಎಂಬ ಪುಟ್ಟ ಭಾಗ ಎಚ್ಚರಗೊಳ್ಳುತ್ತದೆ. ಅಡ್ರಿನಲಿನ್ ಸ್ರವಿಸಿ ಎದೆಬಡಿತ, ಉಸಿರಾಟ ಏರುತ್ತವೆ. ಕೆಲವರಿಗೆ ಕೈಕಾಲು ಮರಗಟ್ಟಿ ಕೂಗಲೂ ಆಗುವುದಿಲ್ಲ. ಆ ಗಳಿಗೆಯ ಒಂದು ವಾಸನೆ, ಒಂದು ದನಿ ಮನಸ್ಸಿನಲ್ಲಿ ಅಚ್ಚೊತ್ತಿ ಉಳಿಯಬಹುದು. ಹೊತ್ತು, ಘಟನೆಗಳ ಕ್ರಮ ಮಸುಕಾಗಬಹುದು. ತಿಂಗಳುಗಳ ನಂತರ ಆರೋಪಿಯ ಮುಖ ಕಂಡಾಗ, ಏರುದನಿಯ ಪಾಟೀಸವಾಲು ಕೇಳಿದಾಗ ಇದೇ ಭಯ ಮರುಕಳಿಸಬಹುದು. ಹಾಗೆಂದು ತಡವರಿಕೆಯೇ ಸತ್ಯಕ್ಕೆ ಪುರಾವೆಯಲ್ಲ. ಅದರಿಂದ ನಿಜ, ಸುಳ್ಳು ಎರಡನ್ನೂ ಅಳೆಯಲಾಗದು, ಅಷ್ಟೆ.

ಕಾನೂನಿನ ನೆರವು

ಸಾಕ್ಷಿಗೆ ಆರೋಪಿ ಕಾಣದಂತೆ ಪರದೆ ಇರಬೇಕು, ನಡುನಡುವೆ ಬಿಡುವು ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿತು. 2012ರ ಪೋಕ್ಸೊ ಕಾಯ್ದೆಯಂತೆ ಮಗುವಿಗೆ ವಕೀಲರು ನೇರವಾಗಿ ಪ್ರಶ್ನೆ ಹಾಕುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ಮಗುವನ್ನು ಪದೇ ಪದೇ ಕೋರ್ಟಿಗೆ ಕರೆಸಬಾರದು. ಪ್ರತಿ ಜಿಲ್ಲೆಯಲ್ಲೂ ಇಂತಹ ಸಾಕ್ಷಿಗಳಿಗಾಗಿ ಪ್ರತ್ಯೇಕ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಆದೇಶಿಸಿತು.

ಕೋರ್ಟಿನವರು ಮಾಡಬಹುದಾದದ್ದು

ಹಲವು ಕ್ರಮಗಳಿಗೆ ಖರ್ಚೇ ಇಲ್ಲ. ಸಾಕ್ಷಿಯನ್ನೂ ಆರೋಪಿಯನ್ನೂ ಒಂದೇ ಜಗುಲಿಯಲ್ಲಿ ಕಾಯಿಸಬಾರದು. ಮುಂದೆ ಏನು ನಡೆಯಲಿದೆ ಎಂದು ಮೊದಲೇ ತಿಳಿಸಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಸಮಯ ಕೊಡಬೇಕು. ವಾಯಿದೆ ಬಿದ್ದರೆ ಕಾರಣ ತಿಳಿಸಬೇಕು. ಒಂದು ಲೋಟ ನೀರು ಕೊಟ್ಟರೂ ಸಾಕ್ಷಿಗೆ ಧೈರ್ಯ ಬರುತ್ತದೆ.

ಮನೆಯವರಿಗೆ

ನಿಮ್ಮ ಮನೆಯವರು ಸಾಕ್ಷಿ ಹೇಳಬೇಕಾಗಿದ್ದರೆ ಪರದೆ, ಬಿಡುವು ಇತ್ಯಾದಿ ಸೌಲಭ್ಯಗಳನ್ನು ಸರ್ಕಾರಿ ವಕೀಲರ ಮೂಲಕ ಮುಂಚಿತವಾಗಿಯೇ ಕೇಳಿಕೊಳ್ಳಿ. ಹೇಳಿಕೆಯನ್ನು ಬಾಯಿಪಾಠ ಮಾಡಿಸಬೇಡಿ. ನೆನಪಿಲ್ಲದ್ದಕ್ಕೆ ‘ನೆನಪಿಲ್ಲ’ ಎಂದರೆ ತಪ್ಪೇನೂ ಇಲ್ಲವೆಂದು ತಿಳಿಹೇಳಿ. ಕೋರ್ಟಿಗೆ ಹೋಗುವ ದಿನ ಬರಿಹೊಟ್ಟೆಯಲ್ಲಿ ಕಳುಹಿಸಬೇಡಿ. ಕೆಟ್ಟ ಕನಸು, ನಿದ್ರಾಹೀನತೆ, ಬೆಚ್ಚಿಬೀಳುವುದು ಒಂದು ತಿಂಗಳಿಗೂ ಮೀರಿ ಮುಂದುವರಿದರೆ ಮನೋವೈದ್ಯರನ್ನು ಕಾಣಿರಿ. ಸರ್ಕಾರದ ಉಚಿತ ದೂರವಾಣಿ ಸೇವೆ ಟೆಲಿ ಮಾನಸ್ (14416) ದಿನದ 24 ಗಂಟೆಯೂ ಲಭ್ಯ. ಸೂಕ್ತ ಚಿಕಿತ್ಸೆಯಿಂದ ಈ ತೊಂದರೆ ಬಹುಮಟ್ಟಿಗೆ ಗುಣವಾಗುತ್ತದೆ. ಅದಕ್ಕಾಗಿ ತೀರ್ಪು ಬರುವವರೆಗೆ ಕಾಯಬೇಕಾಗಿಲ್ಲ.