ಮಿನಿಕಾಯ್ ಅಲ್ಲ, ಮಲಿಕು

ರಾಯದುರ್ಗದ ಕಡೆಯ ಒಣಬೇಸಾಯಗಾರ ನಾನು. ನೀರು ಅಂದರೆ ನಮಗೆ ಬಾವಿ, ಕೆರೆ, ಮಳೆ ಬಂದರೆ ಹಗರಿ ಹೊಳೆ. ಅಂಥವನು ಕಡಲ ನಡುವಿನ ದೀಪಸ್ತಂಭದ ಮಾತು ಎತ್ತಿದರೆ ಓದುಗರಿಗೆ ನಗು ಬಂದೀತು. ಆದರೆ ಊರಿನ ಹೆಸರಿನ ಬಗ್ಗೆ ನನಗೆ ಬುದ್ಧಿ ಕಲಿಸಿದ್ದು ಕಡಲಿನವನೇ.

ಕೆಲವು ವರ್ಷಗಳ ಹಿಂದೆ ಈರುಳ್ಳಿ ಲಾರಿಯ ಜೊತೆ ಮಂಗಳೂರಿನ ಹಳೇ ಬಂದರಿಗೆ ಹೋಗಿದ್ದೆ. ಮೂಟೆಗಳು ಮಂಜಿ ಏರುತ್ತಿದ್ದವು. ಎಲ್ಲಿಗೆ ಅಂತ ಕೇಳಿದೆ. ಲಕ್ಷದ್ವೀಪಕ್ಕೆ ಅಂದರು. ಅಲ್ಲೇ ಹಡಗಿನ ಕೆಲಸದ ಹಿರಿಯರೊಬ್ಬರು ಹಗ್ಗದ ಸುರುಳಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. "ಅಣ್ಣಾ, ನಿಮ್ಮೂರು ಮಿನಿಕಾಯಂತೆ?" ಅಂದೆ. "ನೀವು ಮಿನಿಕಾಯ್ ಅಂತೀರಿ. ನಮಗೆ ಅದು ಮಲಿಕು" ಅಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ತಿದ್ದುವ ಮೇಷ್ಟ್ರ ನಿಧಾನವಿತ್ತು.

ಮಲಿಕು ಲಕ್ಷದ್ವೀಪದ ತೆಂಕಣ ತುದಿಯ ನಡುಗಡ್ಡೆ. ಉದ್ದ ಹತ್ತು ಕಿಲೋಮೀಟರಿನ ಆಸುಪಾಸು, ಆಕಾರ ಬಿದಿಗೆಯ ಚಂದ್ರನಂತೆ. ಉಳಿದ ದ್ವೀಪಗಳಲ್ಲಿ ಮಲಯಾಳಕ್ಕೆ ಹತ್ತಿರದ ಜಸರಿ ನುಡಿ ಇದ್ದರೆ, ಇಲ್ಲಿಯದು ಮಹಲ್. ಅದು ಮಾಲ್ದೀವಿನವರ ದಿವೇಹಿಯ ಒಂದು ಬಗೆ. ಬರೆಯುವುದು ಬಲದಿಂದ ಎಡಕ್ಕೆ, ತಾನ ಲಿಪಿಯಲ್ಲಿ. ಊರಿನ ಗಂಡಸರು ತಲೆತಲಾಂತರದಿಂದ ಸೂರೆ ಮೀನು ಹಿಡಿಯುವವರು, ದೂರದೇಶದ ಹಡಗುಗಳಲ್ಲಿ ದುಡಿಯುವವರು.

1862ರಲ್ಲಿ 'ಕೊಲಂಬೊ' ಎಂಬ ಹೆಸರಿನ ಹಬೆ ಹಡಗು ಇಲ್ಲಿಯ ಹವಳದ ದಿಬ್ಬಕ್ಕೆ ಬಡಿದು ಹಾಳಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಏಡನ್ನಿನಿಂದ ಕೊಲಂಬೊ ಕಡೆಗೆ ಹೋಗುವ ಹಡಗುಗಳು ಹೆಚ್ಚಿದವು. ನೆಲ ಕಡಲ ಮಟ್ಟಕ್ಕಿಂತ ಅಷ್ಟೇನೂ ಎತ್ತರವಿಲ್ಲ. ಇರುಳಲ್ಲಿ ಕಣ್ಣಿಗೆ ಬೀಳುವುದರೊಳಗೆ ಹಡಗು ದಿಬ್ಬದ ಮೇಲಿರುತ್ತದೆ. ಅದಕ್ಕೇ ಬ್ರಿಟಿಷರು ಕಟ್ಟಿಸಿದ ದೀಪಸ್ತಂಭ 1885ರಲ್ಲಿ ಬೆಳಗಿತು. ಎತ್ತರ ಸುಮಾರು 47 ಮೀಟರ್. ಇಂದಿಗೂ ನಿಂತಿದೆ.

ದೂರದಿಂದ ನೋಡುವವನು ಹೆಸರಿಡುವ ರೀತಿಯೇ ಬೇರೆ. ಮಲಿಕುವಿನ ಉತ್ತರದ ಕಡಲಹಾದಿಗೆ ನಕ್ಷೆಯಲ್ಲಿ 'ನೈನ್ ಡಿಗ್ರಿ ಚಾನಲ್', ದಕ್ಷಿಣದ್ದಕ್ಕೆ 'ಎಯ್ಟ್ ಡಿಗ್ರಿ ಚಾನಲ್'. ಒಂಬತ್ತನೇ ಅಕ್ಷಾಂಶ, ಎಂಟನೇ ಅಕ್ಷಾಂಶ, ಅಷ್ಟೇ. ಸರ್ವೆ ನಂಬರು ಇದ್ದ ಹಾಗೆ. ಆ ಎಂಟನೆಯದನ್ನೇ ಮಾಲ್ದೀವಿನವರು 'ಮಲಿಕು ಕಂಡು' ಅನ್ನುತ್ತಾರೆ. ಕಂಡು ಎಂದರೆ ಅವರಲ್ಲಿ ಕಡಲಹಾದಿ. ಹೊಲಕ್ಕೆ ಸರ್ವೆ ನಂಬರೂ ಬೇಕು, 'ಹುಣಸೇಮರದ ಹೊಲ' ಅನ್ನೋ ಹೆಸರೂ ಬೇಕು. ನಂಬರು ಕಚೇರಿಗೆ, ಹೆಸರು ಮನೆಗೆ.

ಇನ್ನು ದ್ವೀಪ ಎಂಬ ಮಾತು. ದ್ವಿ ಮತ್ತು ಅಪ್ ಸೇರಿ ಆದದ್ದು, ಎರಡು ಕಡೆ ನೀರುಳ್ಳದ್ದು ಎಂದು ಪಂಡಿತರು ಬಿಡಿಸುತ್ತಾರೆ. ಜನರ ಬಾಯಲ್ಲಿ ಅದು ಸವೆದು ದೀವು, ದೀವಿ ಆಯಿತು. ಕೃಷ್ಣಾನದಿ ಕಡಲು ಸೇರುವಲ್ಲಿಯ ತೆಲುಗರ ದಿವಿಸೀಮ, ಗುಜರಾತಿನ ಪಕ್ಕದ ದೀವ್, ಮಾಲ್ದೀವು, ಎಲ್ಲವೂ ಇದೇ ಬಳ್ಳಿಯ ಕಾಯಿ. ಕನ್ನಡದ ದೀವಿಗೆ ಮಾತ್ರ ಬೇರೆ, ಅದರ ಬೇರು ದೀಪ. ಲಕ್ಷದ್ವೀಪದಲ್ಲಿ ಲಕ್ಷ ದ್ವೀಪಗಳಿಲ್ಲ. ಪುಸ್ತಕದ ಲೆಕ್ಕದಲ್ಲಿ ಮೂವತ್ತಾರು, ಜನವಸತಿ ಹತ್ತರಲ್ಲಿ. ಲಕ್ಷದೀಪೋತ್ಸವದಲ್ಲಿ ಹಣತೆಗಳನ್ನು ಯಾರು ಎಣಿಸುತ್ತಾರೆ, ಹೇಳಿ!

ಈ ದ್ವೀಪಗಳಿಗೂ ನಮಗೂ ನಂಟುಂಟು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಸೇರಿದ ಅಮೀನ್‌ದೀವಿಗಳು ಟಿಪ್ಪುವಿನ ಆಳ್ವಿಕೆಗೆ ಬಂದಿದ್ದವು. 1799ರ ನಂತರ ಕಂಪನಿಯ ಕೈಸೇರಿ ಮಂಗಳೂರಿನ ಕಲೆಕ್ಟರರ ಅಧೀನವಾದವು. ಮಲಿಕು ಮಾತ್ರ ಮಲಬಾರಿನ ಲೆಕ್ಕದಲ್ಲಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತಲ್ಲ, ಅದೇ ದಿನ ಅಮೀನ್‌ದೀವಿಗಳೂ ದಕ್ಷಿಣ ಕನ್ನಡವನ್ನು ಬಿಟ್ಟು ಕೇಂದ್ರಾಡಳಿತ ಪ್ರದೇಶವಾದವು. 1976ರಲ್ಲಿ ಭಾರತ ಮತ್ತು ಮಾಲ್ದೀವು ಕಡಲಗಡಿ ಗೊತ್ತುಮಾಡಿಕೊಂಡವು. ಮಲಿಕು ಈಚೆಗೆ, ಅದರ ನುಡಿಯ ನೆಂಟರು ಆಚೆಗೆ. ಗಡಿನಾಡಿನವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕೆ?

ನಮ್ಮ ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದವು. ಹೆಸರುಗಳು ಮಾತ್ರ ಇದ್ದಲ್ಲೇ ಉಳಿದವು: ಹಿರೇಹಾಳು, ಬೊಮ್ಮನಹಾಳು, ಹಾಲಹರವಿ. ಬಸ್ಸಿನ ಬೋರ್ಡಿನಲ್ಲಿ ಇವು ತೆಲುಗಕ್ಷರದಲ್ಲಿ ಓಡಾಡುತ್ತವೆ. ಅದರಲ್ಲಿ ತಪ್ಪಿಲ್ಲ. ತೆಲುಗು ನನಗೂ ತಾಯಿಯಷ್ಟೇ. ಅರ್ಧ ಪದ್ಯ ಬರೆದದ್ದು ಅದರಲ್ಲೇ. ಆದರೆ ಮೊನ್ನೆ ಮೊಮ್ಮಗಳು "ತಾತಾ, ಹಿರೇ ಅಂದರೆ ಏನು?" ಅಂದಳು. ಅವಳದು ತೆಲುಗು ಮಾಧ್ಯಮ. "ಪೆದ್ದ ಅಂತ ಕಣಮ್ಮಾ" ಅಂದೆ. ಪಕ್ಕದಲ್ಲಿದ್ದ ನನ್ನಾಕೆ ನಕ್ಕಳು. ತೆಲುಗಿನಲ್ಲಿ ಪೆದ್ದ ದೊಡ್ಡವನು, ಕನ್ನಡದಲ್ಲಿ ಬುದ್ಧಿಯಿಲ್ಲದವನು! ನಗು ಮುಗಿದ ಮೇಲೆ ಎದೆ ಭಾರವಾಯಿತು. ಹೆಸರು ಬಾಯಲ್ಲಿದೆ, ಅರ್ಥ ಇನ್ನೊಂದು ತಲೆಗೆ ಇರುತ್ತದೋ ಇಲ್ಲವೋ.

ನಕ್ಷೆಯಲ್ಲಿ ಮಿನಿಕಾಯ್ ಅಂತ ಬರೆದದ್ದು ಮಲಿಕುವಿನವರಿಗೆ ಕೇಡೇನೂ ಮಾಡಿಲ್ಲ. ಯಾಕೆಂದರೆ ಮನೆಯೊಳಗೆ ಅವರು ಮಲಿಕು ಅನ್ನುವುದನ್ನು ಬಿಟ್ಟಿಲ್ಲ. ನಾವು ಬಿಟ್ಟರೆ ಬೋರ್ಡಿನ ಮೇಲೆ ತಪ್ಪು ಹೊರಿಸಿ ಏನು ಫಲ?

ಅದಕ್ಕೇ ನಾನೊಂದು ನೋಟುಬುಕ್ಕು ಇಟ್ಟಿದ್ದೇನೆ. ನಮ್ಮೂರಿನ ಹೊಲ, ಹಳ್ಳ, ಕಟ್ಟೆ, ಗುಡ್ಡದ ಹೆಸರುಗಳನ್ನು ಮುದುಕರನ್ನು ಕೇಳಿ ಕೇಳಿ ಕನ್ನಡದಲ್ಲೂ ತೆಲುಗಿನಲ್ಲೂ ಬರೆಯುತ್ತಿದ್ದೇನೆ, ಎದುರಿಗೆ ಅರ್ಥ. ಬರೆಯುವವಳು ಮೊಮ್ಮಗಳು, ಹೇಳುವವನು ನಾನು. ಗಡಿಯ ಊರೂರಿನಲ್ಲಿ ಒಬ್ಬೊಬ್ಬರು ಇಷ್ಟು ಮಾಡಿದರೆ ಸಾಕು. ಮುದುಕರು ಇರುವಾಗಲೇ ಕೇಳಿಬಿಡಿ.