ಕುಲೀನವರ್ಗದ ಏಳುಬೀಳುಗಳು

ಹುಟ್ಟಿನಿಂದಲೇ ಕೆಲವರು ಹಿರಿಯರು, ಉಳಿದವರು ಕಿರಿಯರು ಎಂಬ ಭಾವನೆ ಬಹು ಪುರಾತನವಾದುದು. ಹಿಂದಿನ ಅನೇಕ ಸಮಾಜಗಳಲ್ಲಿ ಭೂಮಿಯೂ ಅಧಿಕಾರವೂ ಪೌರೋಹಿತ್ಯವೂ ಕೆಲವೇ ಮನೆತನಗಳಲ್ಲಿ ತಲೆತಲಾಂತರವಾಗಿ ನಡೆದುಬಂದುವು. ಇದಕ್ಕೆ ಕಾರಣವೇನೆಂದು ಆ ಮನೆತನದವರನ್ನೇ ಕೇಳಿದ್ದರೆ, ‘ನಮ್ಮ ಹುಟ್ಟೇ ಬೇರೆ’ ಎಂದು ಉತ್ತರ ಕೊಡುತ್ತಿದ್ದರೋ ಏನೋ. ಚರಿತ್ರೆಯನ್ನು ಕೇಳಿದರೆ ಬರುವ ಉತ್ತರ ಬೇರೆ. ಅದನ್ನು ತಿಳಿಯುವುದಕ್ಕಾಗಿ ನಾವು ಪ್ರಾಚೀನ ರೋಮಿನ ಕುಲೀನರ ಕಥೆಯನ್ನು ಸ್ವಲ್ಪ ವಿವರವಾಗಿಯೂ, ಮಧ್ಯಯುಗದ ವೆನಿಸ್ ನಗರದ ಕುಲೀನರ ಕಥೆಯನ್ನು ಸಂಕ್ಷೇಪವಾಗಿಯೂ ನೋಡೋಣ.

ರೋಮಿನಲ್ಲಿ ರಾಜರ ಆಳಿಕೆ ಮುಗಿದು ಗಣರಾಜ್ಯ ಏರ್ಪಟ್ಟದ್ದು ಕ್ರಿ. ಪೂ. 509ರಲ್ಲಿ ಎಂದು ಸಂಪ್ರದಾಯ ಹೇಳುತ್ತದೆ. ರಾಜನು ಹೋದನು, ಆದರೆ ಅವನ ಅಧಿಕಾರ ಜನರೆಲ್ಲರಿಗೂ ಹಂಚಿಕೆಯಾಗಲಿಲ್ಲ. ಅದು ಪೆಟ್ರಿಷಿಯನ್ನರೆಂಬ ಕೆಲವು ಕುಲಗಳ ವಶವಾಯಿತು. ‘ಪಿತೃ’ ಎಂಬ ನಮ್ಮ ಶಬ್ದಕ್ಕೆ ಬಂಧುವಾದ ಲ್ಯಾಟಿನ್ ಶಬ್ದದಿಂದ ಈ ಹೆಸರು ಹುಟ್ಟಿದೆ. ಸೆನೆಟ್ ಸಭೆಯ ಆದಿಪಿತೃಗಳ ಸಂತತಿಯವರು ತಾವೆಂಬುದು ಇವರ ಅಭಿಮಾನ. ಉಳಿದ ಪ್ರಜೆಗಳಿಗೆ ಪ್ಲೆಬಿಯನ್ನರೆಂದು ಹೆಸರು. ಇವರಲ್ಲಿ ಬಡ ರೈತರೂ ಕುಶಲಕರ್ಮಿಗಳೂ ಇದ್ದರು, ಸಿರಿವಂತರೂ ಇದ್ದರು. ಆದುದರಿಂದ ಎರಡು ವರ್ಗಗಳ ನಡುವಣ ಅಂತರ ಕೇವಲ ಹಣದ್ದಲ್ಲ.

ಹಾಗಾದರೆ ಆ ಅಂತರ ಯಾವುದು? ಮೂರು ಸಂಗತಿಗಳನ್ನು ಮುಖ್ಯವಾಗಿ ಹೇಳಬಹುದು. ಮೊದಲನೆಯದು ಶಕುನ. ರೋಮಿನಲ್ಲಿ ದೇವತೆಗಳ ಅಭಿಪ್ರಾಯವನ್ನು ಪಕ್ಷಿಗಳ ಚಲನವಲನದಿಂದ ತಿಳಿಯದೆ ಯಾವ ರಾಜಕಾರ್ಯವೂ ನಡೆಯುತ್ತಿರಲಿಲ್ಲ. ಆ ಶಕುನ ನೋಡುವ ಹಕ್ಕು ತಮ್ಮದೇ ಎಂದು ಪೆಟ್ರಿಷಿಯನ್ನರು ಸಾಧಿಸುತ್ತಿದ್ದರು. ಎರಡನೆಯದು ನ್ಯಾಯ. ಕಟ್ಟಳೆಗಳು ಬರಹದಲ್ಲಿರಲಿಲ್ಲ, ಅವುಗಳನ್ನು ಬಲ್ಲವರು ಕುಲೀನರೇ, ತೀರ್ಪು ಹೇಳುವವರೂ ಅವರೇ. ಮೂರನೆಯದು ವಿವಾಹ. ಎರಡು ವರ್ಗಗಳವರ ನಡುವೆ ಕೊಟ್ಟು ತರುವ ಸಂಬಂಧಕ್ಕೆ ಅವಕಾಶವಿರಲಿಲ್ಲ. ಹೀಗೆ ದೇವರು, ನ್ಯಾಯ, ಸಂಬಂಧ ಎಂಬ ಮೂರು ಬಾಗಿಲುಗಳನ್ನು ಮುಚ್ಚಿಕೊಂಡು ಕುಲೀನರು ಒಳಗೆ ಕುಳಿತಿದ್ದರು.

ಆದರೆ ಯುದ್ಧ ಬಂದಾಗ ಹೊರಗಿನವರ ಸಹಾಯ ಬೇಕಾಗುತ್ತಿದ್ದಿತು. ರೈತನು ಆಯುಧ ಹಿಡಿದು ಹೋಗುವನು. ಹಿಂದಿರುಗುವ ವೇಳೆಗೆ ಹೊಲ ಬೀಳುಬಿದ್ದು ಸಾಲ ತಲೆಯ ಮೇಲೆ ಏರಿರುವುದು. ಸಾಲ ತೀರಿಸಲಾರದವನು ಸಾಲಿಗನ ಸೆರೆಯಾಳಾಗಬೇಕು. ಕ್ರಿ. ಪೂ. 494ರಲ್ಲಿ ಈ ಜನ ದಂಗೆಯೇಳಲಿಲ್ಲ, ಊರನ್ನು ಸುಡಲಿಲ್ಲ. ಊರನ್ನು ಬಿಟ್ಟು ಹೊರಟು ಪವಿತ್ರಗಿರಿಯೆಂಬ ಗುಡ್ಡದ ಮೇಲೆ ಕುಳಿತರು ಎಂದು ಇತಿಹಾಸಕಾರನಾದ ಲಿವಿ ಬರೆದಿದ್ದಾನೆ. ಅವನು ಬರೆದುದು ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಆದುದರಿಂದ ವಿವರಗಳನ್ನೆಲ್ಲ ನಾವು ಅಕ್ಷರಶಃ ನಂಬಬೇಕಾಗಿಲ್ಲ. ಫಲವಂತೂ ಸ್ಪಷ್ಟವಾಗಿದೆ: ಪ್ರಜೆಗಳ ರಕ್ಷಣೆಗಾಗಿ ಟ್ರಿಬ್ಯೂನರೆಂಬ ಅಧಿಕಾರಿಗಳು ಏರ್ಪಟ್ಟರು.

ಅಲ್ಲಿಂದ ಬಾಗಿಲುಗಳು ಒಂದೊಂದಾಗಿ ತೆರೆದುವು. ಕ್ರಿ. ಪೂ. 451 ಮತ್ತು 450ರಲ್ಲಿ ಕಟ್ಟಳೆಗಳನ್ನು ಹನ್ನೆರಡು ಫಲಕಗಳಲ್ಲಿ ಬರೆದು ಪ್ರಕಟಿಸಿದರು. ಮಿಶ್ರವಿವಾಹದ ನಿಷೇಧವೂ ಆ ಫಲಕಗಳನ್ನು ಸೇರಿದ್ದಿತು, ಕ್ರಿ. ಪೂ. 445ರಲ್ಲಿ ಕನೂಲಿಯಸ್ ಎಂಬ ಟ್ರಿಬ್ಯೂನನು ಅದನ್ನು ತೆಗೆಸಿಹಾಕಿದನು. ಕ್ರಿ. ಪೂ. 367ರ ಶಾಸನದಿಂದ ರಾಜ್ಯದ ಅತ್ಯುನ್ನತವಾದ ಕಾನ್ಸಲ್ ಪದವಿ ಪ್ಲೆಬಿಯನ್ನರಿಗೂ ದೊರೆಯಿತು. ಕ್ರಿ. ಪೂ. 300ರಲ್ಲಿ ಪ್ರಧಾನ ಪುರೋಹಿತರ ಮತ್ತು ಶಕುನಜ್ಞರ ಮಂಡಲಿಗಳಲ್ಲಿ ಅವರಿಗೆ ಸ್ಥಾನ ದೊರೆಯಿತು. ಕ್ರಿ. ಪೂ. 287ರಲ್ಲಿ ಅವರ ಸಭೆಯ ನಿರ್ಣಯ ರಾಜ್ಯಕ್ಕೆಲ್ಲ ಶಾಸನವೆಂದು ಇತ್ಯರ್ಥವಾಯಿತು.

ಈ ನಡುವೆ ನಡೆದ ಒಂದು ಸಣ್ಣ ಪ್ರಸಂಗ ಸ್ವಾರಸ್ಯವಾಗಿದೆ. ದಾಸ್ಯದಿಂದ ಬಿಡುಗಡೆ ಹೊಂದಿದವನೊಬ್ಬನ ಮಗನಾದ ಫ್ಲೇವಿಯಸ್ ಎಂಬ ಗುಮಾಸ್ತನು ಕ್ರಿ. ಪೂ. 304ರಲ್ಲಿ ಈಡೈಲ್ ಎಂಬ ನಗರಾಧಿಕಾರಿಯ ಪದವಿಗೆ ಬಂದನು. ದಾವೆ ಹೂಡುವ ಕ್ರಮಗಳನ್ನೂ ನ್ಯಾಯಸ್ಥಾನ ನಡೆಯುವ ದಿನಗಳ ಪಂಚಾಂಗವನ್ನೂ ಆತನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿಬಿಟ್ಟನು. ಅದುವರೆಗೆ ಅವು ಪುರೋಹಿತರ ಗುಟ್ಟಾಗಿದ್ದುವು. ಒಮ್ಮೆ ಕಾಯಿಲೆ ಬಿದ್ದ ಸಹೋದ್ಯೋಗಿಯನ್ನು ನೋಡಲು ಫ್ಲೇವಿಯಸನು ಹೋದಾಗ ಅಲ್ಲಿದ್ದ ಕುಲೀನ ತರುಣರು ಏಳದೆ ಕುಳಿತೇ ಇದ್ದರಂತೆ. ಆತನು ಕೋಪಗೊಳ್ಳಲಿಲ್ಲ, ತನ್ನ ಅಧಿಕಾರಪೀಠವನ್ನು ಅಲ್ಲಿಗೇ ತರಿಸಿ ಅದರ ಮೇಲೆ ಕುಳಿತನು. ತರುಣರು ನೋಡುತ್ತ ಕುಳಿತಿರಬೇಕಾಯಿತು.

ಇಲ್ಲಿಗೆ ಕುಲೀನತೆ ಅಳಿಯಿತೆಂದು ಭಾವಿಸಬಾರದು. ಒಳಗೆ ಬಂದ ಸಿರಿವಂತ ಪ್ಲೆಬಿಯನ್ ಮನೆತನಗಳು ಹಳೆಯ ಕುಲೀನರೊಡನೆ ಬೆರೆತು ಹೊಸದೊಂದು ಕುಲೀನವರ್ಗವಾದುವು. ಪೂರ್ವಿಕನೊಬ್ಬನು ಕಾನ್ಸಲನಾಗಿದ್ದರೆ ಆ ಮನೆಯವರು ಘನವಂತರು. ದೊಡ್ಡ ಪದವಿ ಪಡೆದ ಪೂರ್ವಿಕರ ಮೇಣದ ಮುಖವಾಡಗಳನ್ನು ಮನೆಯ ಹಜಾರದಲ್ಲಿ ಇಟ್ಟಿರುತ್ತಿದ್ದರು. ಶವಯಾತ್ರೆಗಳಲ್ಲಿ ಅವುಗಳನ್ನು ಧರಿಸಿ ಮೆರೆಸುತ್ತಿದ್ದರು. ಕ್ರಿ. ಪೂ. 63ರಲ್ಲಿ ಕಾನ್ಸಲನಾದ ಮಹಾವಾಗ್ಮಿ ಸಿಸೆರೋವಿನ ಮನೆಯಲ್ಲಿ ಅಂಥ ಮುಖವಾಡಗಳಿರಲಿಲ್ಲ. ಆದುದರಿಂದ ಅವನು ‘ಹೊಸ ಮನುಷ್ಯ’ನೆನಿಸಿಕೊಂಡನು. ಇತ್ತ ಹಳೆಯ ಪೆಟ್ರಿಷಿಯನ್ ಕುಲಗಳು ಸಂತಾನವಿಲ್ಲದೆ ಕ್ಷಯಿಸುತ್ತ ಬಂದುವು. ಆಗ ಅಗಸ್ಟಸ್ ಕ್ರಿ. ಪೂ. 29ರಲ್ಲಿಯೂ, ಕ್ಲಾಡಿಯಸ್ ಚಕ್ರವರ್ತಿ ಕ್ರಿ. ಶ. 48ರಲ್ಲಿಯೂ ಹೊಸ ಪೆಟ್ರಿಷಿಯನ್ನರನ್ನು ನೇಮಿಸಿದರು. ಹುಟ್ಟಿನಿಂದ ಮಾತ್ರ ಬರಬೇಕಾಗಿದ್ದ ಹಿರಿಮೆ ಹೀಗೆ ಆಜ್ಞೆಯಿಂದಲೂ ಬಂದಿತು!

ರೋಮಿನವರು ತೆರೆದ ಬಾಗಿಲನ್ನು ಮುಚ್ಚಿದವರೂ ಉಂಟು. ವ್ಯಾಪಾರದಿಂದ ಬೆಳೆದ ವೆನಿಸ್ ನಗರದಲ್ಲಿ 1297ರ ವಿಧಿಯೊಂದರಿಂದ ಮೊದಲಾಗಿ ಮಹಾಸಭೆಯ ಸದಸ್ಯತ್ವ ಕ್ರಮೇಣ ಕೆಲವು ವಂಶಗಳ ಸ್ವತ್ತಾಯಿತು. 1506ರಿಂದ ಕುಲೀನ ಶಿಶುಗಳ ಜನನವನ್ನು ದಾಖಲೆ ಮಾಡತೊಡಗಿದರು. ಆ ಪುಸ್ತಕಕ್ಕೆ ‘ಸುವರ್ಣಗ್ರಂಥ’ವೆಂದು ಹೆಸರು. ಅದರಲ್ಲಿ ಹೆಸರಿಲ್ಲದವನು ಎಷ್ಟು ಯೋಗ್ಯನಾದರೂ ಆಳುವಂತಿರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಕ್ರೀಟ್ ದ್ವೀಪದ ಯುದ್ಧಕ್ಕೆ ಹಣ ಸಾಲದೆ ಬಂದಾಗ ಅದೇ ಕುಲೀನತೆಯನ್ನು ಬೆಲೆಕಟ್ಟಿ ಮಾರಿದರು. ಆದರೂ ವರ್ಗ ಕುಗ್ಗುತ್ತ ಬಂದಿತು. ಅದರಲ್ಲಿ ಅನೇಕರು ವಂಶಗೌರವವೊಂದನ್ನು ಬಿಟ್ಟು ಬೇರೇನೂ ಇಲ್ಲದ ಬಡವರಾದರು. 1797ರ ಮೇ 12ರಂದು ನೆಪೋಲಿಯನ್ನನ ಸೇನೆಯ ಭಯದಲ್ಲಿ ಮಹಾಸಭೆ ಕೊನೆಯ ಸಲ ಕೂಡಿತು. ನಿಯಮದ ಪ್ರಕಾರ 600 ಮಂದಿ ಸೇರಬೇಕಾಗಿದ್ದಿತು. ಅಷ್ಟು ಜನವೂ ಬರಲಿಲ್ಲ. ಬಂದವರು ತಮ್ಮ ಅಧಿಕಾರವನ್ನು ತಾವೇ ರದ್ದುಮಾಡಿಕೊಂಡು ಮನೆಗೆ ತೆರಳಿದರು.

ಈ ಎರಡು ಕಥೆಗಳಿಂದ ನಮಗೆ ತೋರುವುದಿಷ್ಟು. ಕುಲೀನತೆಯನ್ನು ಪ್ರಕೃತಿ ಮಾಡಲಿಲ್ಲ. ಮನುಷ್ಯರು ಮಾಡಿದ ಕಟ್ಟಳೆ ಮಾಡಿತು. ಮಾಡಿದವರೇ ಅದನ್ನು ಸಡಿಲಿಸಿದರು, ಬಿಗಿದರು, ಕೊಟ್ಟರು, ಮಾರಿದರು. ಹಿರಿಯರ ಕೀರ್ತಿ ಮಕ್ಕಳಿಗೆ ಒಳ್ಳೆಯ ನೆನಪಾಗಬಹುದು, ಕರ್ತವ್ಯದ ಎಚ್ಚರವೂ ಆಗಬಹುದು. ಅದೇ ಹಕ್ಕುಪತ್ರವಾದಾಗ ನೆರೆಯವನ ಬಾಳಿಗೆ ಅಡ್ಡಗೋಡೆಯಾಗುತ್ತದೆ. ಹುಟ್ಟನ್ನು ಮುಂದುಮಾಡಿ ಯಾರಾದರೂ ಹಿರಿಮೆಯನ್ನು ಬೇಡಿದಾಗ, ಅದರ ಹಿಂದೆ ಇರುವ ಕಟ್ಟಳೆ ಯಾವುದು, ಅದನ್ನು ಬರೆದವರು ಯಾರು ಎಂದು ಕೇಳುವುದನ್ನು ನಾವು ಮರೆಯದಿರೋಣ.