ಹಳೇ ಯೆಜ್ಡಿಗೆ ಇ20 ಪೆಟ್ರೋಲ್: ಜೆಟ್ ಬದಲಿಸುವ ಮುನ್ನ ಪೈಪ್ ನೋಡಿ

ಮೈಸೂರು: ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿದ್ದು 1996ರಲ್ಲಿ. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳ ಸದ್ದು ಮಾತ್ರ ನಗರದಲ್ಲಿ ಇನ್ನೂ ನಿಂತಿಲ್ಲ. ಅವನ್ನು ಜೋಪಾನ ಮಾಡಿಕೊಂಡು ಬಂದವರಿಗೆ ಈಗಿನ ತಲೆನೋವು ಬಂಕ್‌ನಲ್ಲಿ ಸಿಗುವ ಪೆಟ್ರೋಲ್. ನೂರು ಲೀಟರ್‌ನಲ್ಲಿ 20 ಲೀಟರ್ ಎಥನಾಲ್ ಇರುವ ಇ20 ಮಾರಾಟ 2023ರ ಫೆಬ್ರವರಿಯಲ್ಲಿ ಶುರುವಾಗಿ, ಈಗ ಹೆಚ್ಚುಕಡಿಮೆ ಎಲ್ಲ ಕಡೆ ಅದೇ ಸಿಗುತ್ತಿದೆ.

ಇದರಲ್ಲಿ ತೊಂದರೆ ಏನು? ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಎಥನಾಲ್‌ಗೆ 9 ಕೆ.ಜಿ. ಸಾಕು, ಅದರೊಳಗೇ ಆಮ್ಲಜನಕ ಇರುತ್ತೆ. ಅಂದರೆ ಅಷ್ಟೇ ಗಾಳಿಗೆ ಇ20 ಸ್ವಲ್ಪ ಜಾಸ್ತಿ ಸುರಿಯಬೇಕು. ಇಂಜೆಕ್ಷನ್ ಇರುವ ಹೊಸ ಗಾಡಿಯಲ್ಲಿ ಸೈಲೆನ್ಸರ್ ಕಡೆಯ ಆಕ್ಸಿಜನ್ ಸೆನ್ಸರ್ ಇದನ್ನು ಗುರುತಿಸಿ ಸರಿಮಾಡಿಸುತ್ತದೆ. 2018ರಲ್ಲಿ ಮರಳಿ ಬಂದ ಜಾವಾದಲ್ಲೂ ಇಂಜೆಕ್ಷನ್ನೇ. ಹಳೇ ಕಾರ್ಬುರೇಟರ್‌ಗೆ ಆ ಬುದ್ಧಿ ಇಲ್ಲ. ಜೆಟ್‌ನ ತೂತು ಎಷ್ಟೋ ಅಷ್ಟೇ ಪೆಟ್ರೋಲ್. ಹೀಗೆ ಪೆಟ್ರೋಲ್ ಸಾಲದೆ ಓಡುವ ಎಂಜಿನ್ ವಿಪರೀತ ಕಾಯುತ್ತೆ. ಚಾಮುಂಡಿ ಬೆಟ್ಟ ಹತ್ತುವಾಗ ಫುಲ್ ಎಕ್ಸಲೇಟರ್ ಕೊಟ್ಟರೆ ಪಿಸ್ಟನ್ ಸೀಜ್ ಆಗುವ ಅಪಾಯವೂ ಇದೆ.

ಪರಿಹಾರ ಅಂದ ತಕ್ಷಣ ದೊಡ್ಡ ಜೆಟ್ ಹಾಕಿಸಲು ಹೋಗುವವರೇ ಹೆಚ್ಚು. ಆದರೆ ಜೆಟ್‌ವರೆಗೆ ಪೆಟ್ರೋಲ್ ಸರಿಯಾಗಿ ಬರುತ್ತಿದೆಯಾ ಅನ್ನೋದು ಮೊದಲ ಪ್ರಶ್ನೆ. ಯೆಜ್ಡಿಯಲ್ಲಿ ಪಂಪ್ ಇಲ್ಲ, ಟ್ಯಾಂಕ್‌ನಿಂದ ತಾನಾಗಿಯೇ ಇಳಿಯಬೇಕು. ಎಥನಾಲ್ ಟ್ಯಾಂಕ್‌ನ ಹಳೇ ಗಸಿ, ತುಕ್ಕನ್ನು ಎಬ್ಬಿಸಿ ಕಾಕ್‌ನ ಜಾಲರಿಗೆ ತಂದು ಕೂರಿಸುತ್ತದೆ. ಹಳೇ ರಬ್ಬರ್ ಪೈಪ್ ಊದಿಕೊಳ್ಳಬಹುದು, ಸೀಳಬಹುದು. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿಗೆ ಅಷ್ಟು ಸಾಕು. ಇನ್ನೊಂದು, ಟ್ಯಾಂಕ್ ಮುಚ್ಚಳದ ಗಾಳಿತೂತು. ಗಾಡಿ ಹತ್ತು ನಿಮಿಷ ಚೆನ್ನಾಗಿ ಓಡಿ ನಿಂತು, ಮುಚ್ಚಳ ತೆಗೆದಾಗ 'ಸುಂಯ್' ಅಂದು ಮತ್ತೆ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದ ಹಾಗೆ. ಈ ಗಾಡಿಗಳಲ್ಲಿ ಆಯಿಲ್ ಕೂಡ ಪೆಟ್ರೋಲ್ ಜತೆಯಲ್ಲೇ ಬೆರೆತು ಬರೋದರಿಂದ, ದಾರಿಯಲ್ಲಿ ಕಸ ಕಟ್ಟಿದರೆ ಎರಡೂ ಒಟ್ಟಿಗೆ ಕಮ್ಮಿಯಾಗುತ್ತವೆ.

ಎಂಜಿನ್ ತಣ್ಣಗಿದ್ದಾಗ, ಕಾರ್ಬುರೇಟರ್ ಕಡೆಯ ಪೈಪ್ ಬಿಚ್ಚಿ ಬಾಟಲಿಗೆ ಹಿಡಿದು ನೋಡಬಹುದು. ಧಾರೆ ಒಂದೇ ಸಮ ಬರಬೇಕು. ಬೀಡಿ ಸೇದುತ್ತಾ ಈ ಕೆಲಸಕ್ಕೆ ಕೂರಬಾರದು ಅಂತ ಹೇಳಬೇಕಾಗಿಲ್ಲ, ಆದರೂ ಹೇಳಿದ್ದು. ಅಂಗಡಿಯಲ್ಲಿ ಎಥನಾಲ್ ತಡೆಯುವ ಪೈಪ್ ಅಂತಲೇ ಕೇಳಿ ಪಡೆಯಬೇಕು.

ಇಷ್ಟಾದ ಮೇಲೆ ಮೇನ್ ಜೆಟ್. ಒಂದು ಸಲಕ್ಕೆ ಒಂದೇ ಸೈಜ್ ಮೇಲೆ ಹೋಗಿ, ಸ್ವಲ್ಪ ದೂರ ಓಡಿಸಿ ಪ್ಲಗ್ ಬಿಚ್ಚಿ ನೋಡಬೇಕು. ತುದಿ ಕಾಫಿಬಣ್ಣಕ್ಕಿದ್ದರೆ ಸರಿ, ಬೆಳ್ಳಗಿದ್ದರೆ ಪೆಟ್ರೋಲ್ ಇನ್ನೂ ಸಾಲದು, ಕಪ್ಪಗೆ ಒದ್ದೆಯಾಗಿದ್ದರೆ ಹೆಚ್ಚಾಯಿತು.

ರೀಮ್ಯಾಪ್ ಮಾಡಿಸಿ ಟರ್ಬೊ ಕಾರಿನ ಪವರ್ ಏರಿಸುವವರಿಗೂ ಲೆಕ್ಕ ಇದೇ. ಟರ್ಬೊ ಹೆಚ್ಚು ಗಾಳಿ ತುಂಬಿದರೆ ಪಂಪ್, ಇಂಜೆಕ್ಟರ್ ಅದಕ್ಕೆ ತಕ್ಕಂತೆ ಕೊಡಬೇಕು. ಇಂಜೆಕ್ಟರ್ ಆಗಲೇ ತನ್ನ ಮಿತಿಯ ಹತ್ತಿರ ಕೆಲಸ ಮಾಡುತ್ತಿದ್ದರೆ, ಇ20 ಉಳಿದ ಅಂಚನ್ನೂ ತಿಂದುಬಿಡುತ್ತದೆ. ಲ್ಯಾಪ್‌ಟಾಪ್ ಹಿಡಿದು ಬಂದವರು ಪಂಪ್‌ನ ಒತ್ತಡ ಅಳೆಯದೇ ಕೆಲಸ ಶುರು ಮಾಡಿದರೆ ಅಲ್ಲೇ ತಡೆಯುವುದು ಒಳ್ಳೆಯದು. ಕಾನೂನಿನ ಮಾತೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಂತೆ ಒಂದೊಂದು ಮಾರ್ಪಾಡಿಗೂ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.

ಯೆಜ್ಡಿಯನ್ನು ವಾರಗಟ್ಟಲೆ ನಿಲ್ಲಿಸುವವರು ಕಾಕ್ ಬಂದ್ ಮಾಡಿ, ಕಾರ್ಬುರೇಟರ್ ಬಟ್ಟಲು ಖಾಲಿ ಮಾಡಿಡಬೇಕು. ಎಥನಾಲ್ ಗಾಳಿಯ ತೇವ ಹೀರುತ್ತದೆ, ಮಳೆಗಾಲದಲ್ಲಂತೂ ಆ ನೀರು ಟ್ಯಾಂಕ್ ತಳದಲ್ಲೇ ಸೇರೋದು.